ಅಟ್ಟದ ಮೇಲಿನ ತೋಟಾ ಪೆಟ್ಟಿಗೆ

ಮಡಿಕೇರಿಯಿಂದ ವಿರಾಜಪೇಟೆಯತ್ತ ಸಾಗುವ ದಾರಿಯ ಇಕ್ಕೆಲಗಳಲ್ಲಿ ಕಾಫಿಯ ತೋಟಗಳು. ತಗ್ಗಿನಲ್ಲಿ ನಾಟಿ ಮುಗಿದ ಹಸುರು ಗದ್ದೆಗಳು. ಸೆಪ್ಟೆಂಬರ್ ತಿಂಗಳ ಮೊದಲ ವಾರದಲ್ಲಿ ಈ ದಾರಿ ಹಿಡಿದ ಪ್ರವಾಸಿಗನಿಗೆ ಮಳೆಯ ಸದ್ದಿನ ನಡುವೆ ಕೋವಿಯ ಸದ್ದೂ ಕೇಳಿಬಂದರೆ ಗಾಬರಿಪಡಬೇಕಾದುದಿಲ್ಲ. ಅದು ಕೈಲ್ ಮುಹೂರ್ತದ ಸಂಭ್ರಮ. ಅಂದು ಕೊಡವರು ಕೋವಿ, ಕತ್ತಿಗಳನ್ನು ದೇವರ ಕೋಣೆಯಲ್ಲಿರಿಸಿ, ತೋಕ್‌ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಬಳಿಕ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು ಈಡು ಎಂಬುದು ಈ ನಾಡಿನ ವಾಡಿಕೆ. 1861ರಲ್ಲಿ ದೊರೆತ ವಿನಾಯಿತಿ ಇಂದಿಗೂ ಉಳಿದುಬಂದಿದ್ದು, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇರಿಸಿಕೊಳ್ಳಲು ಪರವಾನಗಿ ಬೇಕಿಲ್ಲ.

ಹಬ್ಬಕ್ಕೆಂದು ಹಳೆಯ ಮನೆಯ ಅಟ್ಟವನ್ನು ಗುಡಿಸುವಾಗ, ಅಜ್ಜನ ಕಾಲದ ತೋಟಾಗಳು ತುಂಬಿದ ರಟ್ಟಿನ ಪೆಟ್ಟಿಗೆಯೊಂದು ಕೈಗೆ ಸಿಕ್ಕಿತೆನ್ನೋಣ. ಕಸವೆಂದು ಎಸೆಯುವುದೇ, ಬೆಲೆಯುಳ್ಳದ್ದೆಂದು ಕಾಪಾಡುವುದೇ, ಹಬ್ಬದ ಈಡಿಗೆ ಬಳಸುವುದೇ? ಉತ್ತರವನ್ನು ತೋಟಾದ ಬುಡದಲ್ಲಿ ಹುಡುಕಬೇಕು.

ಹಿತ್ತಾಳೆಯ ಬುಡದ ಮೇಲೆ ಒತ್ತಿದ ಅಕ್ಷರಗಳೇ ತೋಟಾದ ಜಾತಕ. ಅಲ್ಲಿರುವ 12 ಎಂಬ ಅಂಕೆ ನಳಿಗೆಯ ಅಳತೆ: ಒಂದು ಪೌಂಡು ಸೀಸದಿಂದ ಹನ್ನೆರಡು ಸಮಾನ ಗುಂಡುಗಳನ್ನು ಮಾಡಿದರೆ, ಅಂಥದೊಂದು ಗುಂಡು ಹಿಡಿಯುವಷ್ಟು ಅಗಲ. ಆದುದರಿಂದ ಅಂಕೆ ಕಿರಿದಾದಷ್ಟೂ ನಳಿಗೆ ಹಿರಿದು. ಈಲಿ ಎಂದಿದ್ದರೆ ಲಂಡನ್ನಿನ ಮನೆತನದ ಹೆಸರು. ಕೈನಾಕ್ ಎಂದಿದ್ದರೆ ಬರ್ಮಿಂಗ್‌ಹ್ಯಾಮ್‌ನದು. ಇವೆರಡೂ 1918ರಲ್ಲಿ ಒಂದೇ ಕೂಟಕ್ಕೆ ಸೇರಿದವು. 1926ರಲ್ಲಿ ಅದು ಐ.ಸಿ.ಐ. ಸಂಸ್ಥೆಯಲ್ಲಿ ವಿಲೀನವಾಯಿತು. ಹೀಗಾಗಿ ಐ.ಸಿ.ಐ. ಎಂಬ ಅಕ್ಷರಗಳಿರುವ ತೋಟಾ ಅದಕ್ಕಿಂತ ಹಿಂದಿನದಾಗಿರಲಾರದು. ಬುಡದ ಪಕ್ಕದಿಂದ ಸಣ್ಣ ಮೊಳೆಯೊಂದು ಹೊರಚಾಚಿದ್ದರೆ ಅದು ಇನ್ನೂ ಹಳೆಯದು. ಫ್ರಾನ್ಸಿನ ಲೆಫೋಶೊ 1830ರ ದಶಕದಲ್ಲಿ ಬಳಕೆಗೆ ತಂದ ಕ್ರಮ. ಮೈ ಕಾಗದದ್ದೋ, ಹಿತ್ತಾಳೆಯದೋ ಎಂಬುದನ್ನೂ ನೋಡಬೇಕು. ಪ್ಲಾಸ್ಟಿಕ್ಕಿನ ಮೈ ಬಳಕೆಗೆ ಬಂದುದು 1960ರಿಂದೀಚೆಗೆ.

ಇನ್ನು ಬೆಲೆಯ ಮಾತು. ಹಳೆಯದೆಲ್ಲವೂ ಹೊನ್ನಲ್ಲ. ಲಕ್ಷಗಟ್ಟಲೆ ತಯಾರಾದ 12 ಬೋರಿನ ಸಾಮಾನ್ಯ ತೋಟಾಗೆ ಸಂಗ್ರಾಹಕರು ಹೆಚ್ಚು ಕೊಡುವುದಿಲ್ಲ. ಅಪರೂಪದ ಬೋರು, ಬಣ್ಣ ಮಾಸದ ಕಾಗದ, ಅದರ ಮೇಲೆ ಕೋವಿ ವ್ಯಾಪಾರಿಯ ಹೆಸರಿನ ಅಚ್ಚು, ಬಾಯಿಯನ್ನು ಮುಚ್ಚಿದ ರಟ್ಟಿನ ಬಿಲ್ಲೆಯ ಬರಹ, ಇವು ಬೆಲೆಯನ್ನು ಏರಿಸುತ್ತವೆ. ಚೀಟಿ ಹರಿಯದ ಪೆಟ್ಟಿಗೆಗೆ ಒಳಗಿನ ಸರಕಿಗಿಂತಲೂ ಹೆಚ್ಚಿನ ಬೆಲೆ ಬರುವುದುಂಟು. ಹುಣಿಸೆಹಣ್ಣು ಹಚ್ಚಿ ಹಿತ್ತಾಳೆಯನ್ನು ಬೆಳಗುವ ಗೃಹಿಣಿಯ ಶ್ರದ್ಧೆ ಇಲ್ಲಿ ನಷ್ಟಕ್ಕೇ ದಾರಿ. ಅಕ್ಷರಗಳೊಡನೆ ಬೆಲೆಯೂ ಸವೆಯುತ್ತದೆ.

ಆದರೆ ಬೆಲೆಗಿಂತ ಮೊದಲು ಯೋಚಿಸಬೇಕಾದುದು ಜೀವದ ಮಾತು. ಕಾಗದದ ಮೈ ತೇವ ಹೀರಿ ಉಬ್ಬಿರುತ್ತದೆ. ಒಳಗಿನ ಮದ್ದು ಯಾವುದೆಂದು ಹೊರಗಿನಿಂದ ನಂಬುವಂತಿಲ್ಲ. ಕರಿಮದ್ದಿಗೆಂದು ಮಾಡಿದ ಹಳೆಯ ಕೋವಿಯಲ್ಲಿ ಹೊಗೆಯಿಲ್ಲದ ಮದ್ದಿನ ತೋಟಾ ಹಾರಿಸಿದರೆ ನಳಿಗೆ ಸೀಳಿ ಕೈಯೇ ಹೋಗಬಹುದು. ಬಿಚ್ಚಿ ನೋಡುವ ಕುತೂಹಲವೂ ಸಲ್ಲದು. ಬುಡದ ಕೇಪು ಒಂದು ಪೆಟ್ಟಿಗೇ ಸಿಡಿಯುವಂಥದು. ವಿನಾಯಿತಿಯಾಗಲಿ ಪರವಾನಗಿಯಾಗಲಿ ಇಲ್ಲದವರ ಮನೆಯಲ್ಲಿ ಮದ್ದು ತುಂಬಿದ ತೋಟಾ ಸಿಕ್ಕಿದರೆ ಅದನ್ನು ಮುಟ್ಟದೆ, ಮಕ್ಕಳನ್ನು ದೂರವಿರಿಸಿ, ಪೊಲೀಸ್ ಠಾಣೆಗೆ ತಿಳಿಸುವುದೇ ಸರಿ.

1972ರ ವನ್ಯಜೀವಿ ಕಾನೂನಿನ ಬಳಿಕ ಬೇಟೆಯ ಕಾಲ ಮುಗಿಯಿತು. ಅಜ್ಜ ಹಂದಿಗೆಂದು ಕೊಂಡು ಹಾರಿಸದೆ ಉಳಿಸಿದ ತೋಟಾ ಇನ್ನೆಂದೂ ಕಾಡಿಗೆ ಹೋಗುವುದಿಲ್ಲ. ಹಬ್ಬದ ತೆಂಗಿನಕಾಯಿಗೆ ಹೊಸ ತೋಟಾ ಸಾಕು. ಹಳೆಯ ಖಾಲಿ ತೋಟಾಗಳು ಮಾತ್ರ ತಮ್ಮ ಪೆಟ್ಟಿಗೆಯಲ್ಲಿಯೇ, ಬೆಳಗದ ಹಿತ್ತಾಳೆಯೊಡನೆ, ಮೊಮ್ಮಕ್ಕಳು ಬುಡದ ಅಕ್ಷರಗಳನ್ನು ಓದುವವರೆಗೆ ಕಾಯಲಿ.