ನನಗೆ ನಾನೇ ಅರ್ಥವಾಗದಿದ್ದರೆ....

‘ಕರುಣಾಳು ಬಾ ಬೆಳಕೆ’ ಹಾಡದೆ ಶಾಲೆ ಮುಗಿಸಿದ ಕನ್ನಡಿಗರು ಕಡಿಮೆ. ಬಿಸಿಲಲ್ಲಿ ಸಾಲಾಗಿ ನಿಂತು, ಮುಂದಿನವನ ಕಾಲರ್ ನೋಡುತ್ತಾ, ರಾಗ ಎಳೆದೆಳೆದು ಹಾಡಿದ್ದೇ ಹಾಡಿದ್ದು! ನನ್ನ ಗೆಳೆಯರಲ್ಲಿ ಕೆಲವರು ಅದು ಮೂಲತಃ ಕನ್ನಡದ್ದೇ ಅಂತ ಇವತ್ತಿಗೂ ವಾದ ಮಾಡುತ್ತಾರೆ. ಬಿಎಂಶ್ರೀ ಅನುವಾದ ಹಾಗಿದೆ, ಅವರದ್ದೇನೂ ತಪ್ಪಿಲ್ಲ ಬಿಡಿ.

ಮೂಲ ಬರೆದದ್ದು ಜಾನ್ ಹೆನ್ರಿ ನ್ಯೂಮನ್, 1833ರ ಜೂನ್‌ನಲ್ಲಿ. ಆಗ ಅವನಿಗೆ 32 ವರ್ಷ, ಆಂಗ್ಲಿಕನ್ ಪಾದ್ರಿ. ಸಿಸಿಲಿಗೆ ಒಬ್ಬನೇ ಹೋಗಿ ಜ್ವರ ಬಂದು ಮಲಗಿದ. ಜೊತೆಗಿದ್ದ ಆಳು, ಇವನು ಉಳಿಯೋದಿಲ್ಲ ಅಂತ ಕೊನೆಯ ಮಾತು ಕೇಳಿದನಂತೆ. ನ್ಯೂಮನ್ ಹೇಳಬೇಕಾದದ್ದನ್ನೆಲ್ಲ ಹೇಳಿ, ಆದರೆ ನಾನು ಸಾಯೋದಿಲ್ಲ, ನಾನು ಬೆಳಕಿಗೆ ದ್ರೋಹ ಮಾಡಿಲ್ಲ ಅಂದ. ಮೂವತ್ತು ವರ್ಷದ ಮೇಲೆ, 1864ರಲ್ಲಿ, ತನ್ನ ಆತ್ಮಕಥೆಯಲ್ಲಿ ಇದನ್ನು ಬರೆಯುವಾಗ, ಹಾಗಂದರೆ ಏನು ಅಂತ ತನಗೇ ಕಡೆಗೂ ಸರಿಯಾಗಿ ಹೊಳೆಯಲಿಲ್ಲ ಅಂತಾನೆ!

ವಾಸಿಯಾದ ಮೇಲೆ ಪಲೆರ್ಮೋದಲ್ಲಿ ಹಡಗಿಗಾಗಿ ಮೂರು ವಾರ ಕಾದ. ಕೊನೆಗೆ ಸಿಕ್ಕಿದ್ದು ಕಿತ್ತಳೆ ಹಣ್ಣು ಸಾಗಿಸುವ ದೋಣಿ. ಅದೂ ಕಾರ್ಸಿಕಾ, ಸಾರ್ಡಿನಿಯಾ ನಡುವಿನ ಜಲಸಂಧಿಯಲ್ಲಿ ಗಾಳಿಯಿಲ್ಲದೆ ಒಂದು ವಾರ ನಿಂತುಬಿಟ್ಟಿತು. ಹಾಡು ಹುಟ್ಟಿದ್ದು ಈ ಪ್ರಯಾಣದಲ್ಲಿ. ಕೊನೆಯ ಸಾಲುಗಳ ಅರ್ಥವೇನು ಅಂತ 1879ರಲ್ಲಿ ಒಬ್ಬರು ಪತ್ರ ಬರೆದು ಕೇಳಿದರೆ, ಸುಮಾರು ಐವತ್ತು ವರ್ಷದ ಹಿಂದೆ ಏನು ಅಂದುಕೊಂಡಿದ್ದೆ ಅಂತ ನೆನಪಿಟ್ಟುಕೊಳ್ಳುವ ಹಂಗು ನನಗಿಲ್ಲ ಅಂತ ಉತ್ತರ ಕೊಟ್ಟ.

ನನಗೆ ಈ ಮುದುಕನ ಮೇಲೆ ಪ್ರೀತಿ ಹುಟ್ಟಿದ್ದು ಹಾಡಿಗಿಂತ ಈ ಉತ್ತರದಿಂದ :)

ಇಷ್ಟೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ಒಂದು ತಿಂಗಳಿಂದ ನಾನೂ ಗಾಳಿಯಿಲ್ಲದ ದೋಣಿಯಲ್ಲಿ ಕೂತಿದ್ದೀನಿ. ದೋಹಾದಲ್ಲಿ ಎರಡು ವರ್ಷದ ಕೆಲಸ ಬಂದಿದೆ. ಅಪ್ಪ ಹೋದಮೇಲೆ ಅಮ್ಮ ನನ್ನ ಜೊತೆಗೇ ಇದ್ದಾಳೆ, ಮಂಡಿ ನೋವು, ಮೆಟ್ಟಿಲು ಹತ್ತೋಕಾಗಲ್ಲ. ಕೇಳಿದವರಿಗೆಲ್ಲ ‘ಅಮ್ಮನ್ನ ಬಿಟ್ಟು ಹೇಗೆ ಹೋಗಲಿ’ ಅಂತಿದ್ದೆ. ಒಂದು ರಾತ್ರಿ ಊಟಕ್ಕೆ ಕೂತಾಗ ಅಮ್ಮ, ಸಾರು ಬಡಿಸ್ತಾ, ತಲೆ ಎತ್ತದೆ ಹೇಳಿದಳು:

“ನನ್ನ ಹೆಸರು ಹೇಳ್ಕೊಂಡು ಉಳೀಬೇಡ ಕಣಪ್ಪ. ಹೋಗಕ್ಕೆ ನಿಂಗೇ ಭಯ ಇದ್ರೆ ಅದನ್ನ ಹೇಳು.”

ನನಗೆ ಭಯವಿದೆಯಾ? ನಿಜವಾಗಿ ಗೊತ್ತಿಲ್ಲ. ಉಳಿಯೋದು ಪ್ರೀತಿಗೋ ಹೆದರಿಕೆಗೋ, ಹೋಗೋದು ಸಾಲ ತೀರಿಸೋದಕ್ಕೋ ತಪ್ಪಿಸಿಕೊಳ್ಳೋದಕ್ಕೋ? ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು ಎರಡೂ ಕಡೆ ಕಾರಣ ಬರೆದೆ. ಎರಡು ಕಡೆಗೂ ವಕೀಲ ನಾನೇ, ಜಡ್ಜೂ ನಾನೇ. ಕೇಸು ಮುಗಿಯೋದು ಹೇಗೆ!

ಮನುಷ್ಯನ ಹೃದಯ ಎಲ್ಲಕ್ಕಿಂತ ವಂಚಕ ಅಂತ ಪ್ರವಾದಿ ಯೆರೆಮೀಯ ಹೇಳಿದ್ದನ್ನು ಮೊದಲು ಬೈಗುಳ ಅಂದುಕೊಂಡು ಓದುತ್ತಿದ್ದೆ. ಈಗ ರೋಗದ ಹೆಸರು ಹೇಳಿದ ಡಾಕ್ಟರ ಮಾತಿನ ಹಾಗೆ ಕೇಳಿಸುತ್ತೆ. ಪೇತ್ರನನ್ನೇ ನೋಡಿ. ಕಡೇ ಭೋಜನದ ರಾತ್ರಿ, ನಿನ್ನ ಜೊತೆ ಸಾಯೋಕೂ ಸಿದ್ಧ ಅಂದ. ಅದು ನಾಟಕ ಅಲ್ಲ, ಆ ಕ್ಷಣ ಅವನು ಹಾಗೇ ನಂಬಿದ್ದ. ಕೋಳಿ ಕೂಗೋ ಹೊತ್ತಿಗೆ ಮೂರು ಸಲ ‘ಆತ ಯಾರೋ ಗೊತ್ತಿಲ್ಲ’ ಅಂದಾಗಿತ್ತು. ಯೇಸುವಿಗೆ ಇದು ಮೊದಲೇ ತಿಳಿದಿತ್ತು. ಆದರೆ ಲೂಕನ ಪ್ರಕಾರ ಅದಕ್ಕೂ ಮುಂಚೆ ಹೇಳಿದ ಮಾತೊಂದಿದೆ: ನಿನ್ನ ವಿಶ್ವಾಸ ಕುಂದದಿರಲಿ ಅಂತ ನಿನಗಾಗಿ ಪ್ರಾರ್ಥಿಸಿದ್ದೇನೆ ಅಂತ. ಪೂರ್ತಿ ತಿಳಿದವನು ಕೈಬಿಡಲಿಲ್ಲ. ನನ್ನ ನಂಬಿಕೆಯೆಲ್ಲ ನಿಂತಿರೋದು ಇಷ್ಟರ ಮೇಲೇ ಇರಬೇಕು.

ಆದರೂ ಒಂದು ತೊಡಕು ಉಳಿಯುತ್ತೆ. ನನ್ನ ಮನಸ್ಸೇ ನನಗೆ ತಿಳಿಯದಿದ್ದರೆ, ಒಳಗೆ ಕೇಳಿಸೋ ದನಿ ದೇವರದ್ದೋ ನನ್ನದೋ ಅಂತ ಹೇಗೆ ಗೊತ್ತಾಗಬೇಕು? ತಮಗೆ ಬೇಕಾದ್ದಕ್ಕೆಲ್ಲ ದೇವರ ಸಹಿ ಹಾಕಿಸಿಕೊಂಡು ಬರೋರನ್ನ ನಾನು ಕಂಡಿದ್ದೀನಿ. ಸೈಟು ಕೊಳ್ಳೋದಕ್ಕೂ ದೈವಚಿತ್ತ, ಪಕ್ಕದ ಮನೆಯವರ ಜೊತೆ ಮಾತು ಬಿಡೋದಕ್ಕೂ ದೈವಚಿತ್ತ! ಅಂಥವರನ್ನು ಕಂಡರೆ ನನಗೆ ದೂರ ಓಡೋ ಹಾಗಾಗುತ್ತೆ.

ನ್ಯೂಮನ್ ಹಾಗೆ ಮಾಡಲಿಲ್ಲ. ಬೆಳಕು ಬೇಡಿದ್ದು 1833ರಲ್ಲಿ; ಕಥೋಲಿಕನಾದದ್ದು 1845ರ ಅಕ್ಟೋಬರ್‌ನಲ್ಲಿ. ನಡುವೆ ಹನ್ನೆರಡು ವರ್ಷ! ಓದಿದ, ಗೆಳೆಯರನ್ನು ಕೇಳಿದ, ಆಕ್ಸ್‌ಫರ್ಡ್ ಹತ್ತಿರದ ಲಿಟಲ್‌ಮೋರ್ ಹಳ್ಳಿಗೆ ಹೋಗಿ ಕೂತ, ಬರೆದದ್ದನ್ನೇ ಮತ್ತೆ ತೂಗಿ ನೋಡಿದ. ದೋಣಿಯಲ್ಲಿದ್ದಾಗ ರೋಮಿನ ಸಭೆಯ ಬಗ್ಗೆ ಅವನಿಗೆ ಒಳ್ಳೆಯ ಅಭಿಪ್ರಾಯವೇನೂ ಇರಲಿಲ್ಲ. ದಾರಿಯ ಕೊನೆ ಆಗಲೇ ಕಂಡಿದ್ದರೆ ಹೆದರಿ ಹಿಂದಿರುಗುತ್ತಿದ್ದನೋ ಏನೋ. 2019ರಲ್ಲಿ ಅದೇ ಸಭೆ ಅವನನ್ನು ಸಂತನೆಂದು ಘೋಷಿಸಿತು.

ಆ ಪದ್ಯಕ್ಕೆ ಅವನು ಇಟ್ಟ ಒಂದು ಹೆಸರಿನ ಅರ್ಥ ‘ಮೋಡದ ಕಂಬ’ ಅಂತ. ಮರುಭೂಮಿಯಲ್ಲಿ ಇಸ್ರಯೇಲರನ್ನು ನಡೆಸಿದ ಮೋಡ ಅದು. ಸಂಖ್ಯಾಕಾಂಡದಲ್ಲಿ ಇನ್ನೊಂದು ವಿವರ ಇದೆ: ಮೋಡ ನಿಂತರೆ ಜನರೂ ನಿಲ್ಲಬೇಕು. ಎರಡು ದಿನವೋ, ತಿಂಗಳೋ, ಅದಕ್ಕಿಂತ ಹೆಚ್ಚೋ, ಲೆಕ್ಕ ಕೊಡ್ತಿರಲಿಲ್ಲ. ಡೇರೆ ಹೊಡೆದು ಅಡುಗೆ ಮಾಡ್ಕೊಂಡು ಇರೋದು, ಅಷ್ಟೇ.

ಕಳೆದ ಶನಿವಾರ ಪಾಪನಿವೇದನೆಗೆ ಹೋದಾಗ ಫಾದರ್ ಹತ್ರ ಇದನ್ನೆಲ್ಲ ಹೇಳಿದೆ. ದೊಡ್ಡ ಉಪದೇಶ ಬರುತ್ತೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ: “ಇವತ್ತು ಸಂಜೆ ಏನು ಮಾಡ್ಬೇಕು ಅಂತ ಗೊತ್ತಿದೆಯಾ?”

“ಅಮ್ಮನ್ನ ಮೂಳೆ ಡಾಕ್ಟರ ಹತ್ರ ಕರ್ಕೊಂಡ್ ಹೋಗ್ಬೇಕು ಫಾದರ್.”

“ಸರಿ, ಹೊರಡು. ಟ್ರಾಫಿಕ್ ಇರುತ್ತೆ.”

ಡಾಕ್ಟರು ಸದ್ಯಕ್ಕೆ ಆಪರೇಷನ್ ಬೇಡ, ಆರು ವಾರ ವ್ಯಾಯಾಮ ಮಾಡಿಸಿ ಅಂದಿದ್ದಾರೆ. 30ನೇ ತಾರೀಕಿನೊಳಗೆ ನಾನು ದೋಹಾಕ್ಕೆ ಉತ್ತರ ಕೊಡಬೇಕು. ನಿನ್ನೆ ಅಮ್ಮ ಕಾಲು ಚಾಚಿ ಎಣಿಸ್ತಾ ಎಣಿಸ್ತಾ, ಹದಿನಾಲ್ಕಕ್ಕೆ ನಿಲ್ಲಿಸಿ, “ಪಾಸ್‌ಪೋರ್ಟ್ ಎಲ್ಲಿಟ್ಟಿದ್ದೀಯ?” ಅಂತ ಕೇಳಿದಳು. ಬೀರುವಿನಲ್ಲಿದೆ ಅಂದೆ. “ಹ್ಞೂಂ” ಅಂದು ಹದಿನೈದರಿಂದ ಶುರು ಮಾಡಿದಳು.