ಹಾಡು ಮರಳಿ ಬಂತು, ನಾನು ಬರಲಿಲ್ಲ

ಹಳೆಯ ಹಾಡು ಮರಳಿ ಬರುವುದೇ ಬೇರೆ, ಹಳೆಯ ಹಾಡುಗಾರ ಮರಳಿ ಬರುವುದೇ ಬೇರೆ. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹತ್ತಬೇಕಾದರೆ ಕಟ್ಟಾಯ ಹೋಬಳಿಯ ಒಂದು ರಾಜ್ಯೋತ್ಸವದ ವೇದಿಕೆ ಬೇಕಾಯಿತು. ಊರಿನವರು, ನೆಂಟರು, ಮೊಮ್ಮಗಳು ಎಲ್ಲರೂ ಕೂತಿದ್ದಾಗ ಗಂಟಲು ಕೈಕೊಡಬೇಕಾಯಿತು.

ಒಂದು ಕಾಲದಲ್ಲಿ ನಾನು ಆರ್ಕೆಸ್ಟ್ರಾದಲ್ಲಿ ಅಣ್ಣಾವ್ರ ಹಾಡು ಹಾಡುತ್ತಿದ್ದೆ. ಗಣೇಶನ ಹಬ್ಬ ಬಂತೆಂದರೆ ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣದ ಬೀದಿಗಳಲ್ಲಿ ರಸಮಂಜರಿ. ಆಮೇಲೆ ಅರಕಲಗೂಡು ಕಡೆ, ರಾಮನಾಥಪುರದ ಜಾತ್ರೆ. ಆಗ ನಮಗೆ ಚಾರ್ಟು, ಟ್ರೆಂಡಿಂಗು ಯಾವುದೂ ಗೊತ್ತಿರಲಿಲ್ಲ. ಬಸ್ ನಿಲ್ದಾಣದ ಕ್ಯಾಸೆಟ್ ಅಂಗಡಿಯವನು ಯಾವುದನ್ನು ಜೋರಾಗಿ ಹಾಕಿರುತ್ತಾನೋ, ಪ್ರೈವೇಟ್ ಬಸ್ಸಿನ ಡ್ರೈವರ್ ಯಾವುದನ್ನು ತಿರುಗಿಸಿ ತಿರುಗಿಸಿ ಹಾಕುತ್ತಾನೋ ಅದೇ ಹಿಟ್. 1992ರಲ್ಲಿ ‘ಜೀವನ ಚೈತ್ರ’ ಬಂದಾಗ ಟೇಪ್ ರೆಕಾರ್ಡರನ್ನು ನಿಲ್ಲಿಸಿ, ಹಿಂದಕ್ಕೆ ಓಡಿಸಿ, ‘ನಾದಮಯ’ ಹಾಡನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದೆ. ತೋಡಿ ರಾಗದ ಆ ಹಾಡನ್ನು ಎಟುಕಿಸುವ ಗಂಟಲು ನಮ್ಮ ತಂಡದಲ್ಲಿ ನನಗೊಬ್ಬನಿಗೇ ಇತ್ತು. ಅದರ ಗತ್ತೂ ಇತ್ತು.

1999ರಲ್ಲಿ ‘ಉಪೇಂದ್ರ’ ಸಿನಿಮಾ ಬಂತು. ಗುರುಕಿರಣ್ ಸಂಗೀತದ ಆ ಹಾಡುಗಳಿಗೆ ಹುಡುಗರು ಹುಚ್ಚೆದ್ದು ಕುಣಿದರು. ತಂಡದವರು ಕಲಿ ಎಂದರು. “ಇದೂ ಒಂದು ಹಾಡೇನ್ರೋ” ಎಂದು ನಕ್ಕು ಸುಮ್ಮನಾದೆ. ಆಹ್ವಾನ ಕಡಿಮೆಯಾಯಿತು. ಅಷ್ಟರಲ್ಲಿ ಅಪ್ಪನಿಗೆ ಕೈಲಾಗದೆ ಹೊಲ ನನ್ನ ತಲೆಗೆ ಬಂತು. ನಮ್ಮ ಕಡೆ ಹೊಲವೆಂದರೆ ಆಲೂಗಡ್ಡೆ. ಬಿತ್ತನೆ ಗೆಡ್ಡೆಯ ಸಾಲ, ಅಂಗಮಾರಿ ರೋಗ, ಕೊನೆಗೆ ಆಲೂಗಡ್ಡೆ ಬಿಟ್ಟು ಜೋಳ, ಶುಂಠಿ ಅಂತ ಹೋಗಿದ್ದು. ಹಾಡು ಯಾವಾಗ ನಿಂತಿತೋ ನನಗೇ ಗೊತ್ತಾಗಲಿಲ್ಲ. ಮದುವೆ ಮನೆಗಳಲ್ಲಿ ಯಾರಾದರೂ “ಅಣ್ಣ, ಒಂದ್ ಹಾಡ್ ಹೇಳಣ್ಣ” ಎಂದರೆ ಎರಡು ಸಾಲು ಗುನುಗಿ ಮುಗಿಸುತ್ತಿದ್ದೆ.

ಹೀಗಿರುವಾಗ ಫೋನಿನಲ್ಲಿ ಹಳೆಯ ಹಾಡುಗಳು ಎದ್ದು ಬರತೊಡಗಿದವು. ಬೆಂಗಳೂರಿನಲ್ಲಿರುವ ಮಗಳು ಬಂದಾಗ ಇಂಗ್ಲೆಂಡಿನ ಕೇಟ್ ಬುಷ್ ಎಂಬ ಗಾಯಕಿಯ ಸುದ್ದಿ ಹೇಳಿದಳು. 1985ರಲ್ಲಿ ಆಕೆ ಹಾಡಿದ ‘ರನ್ನಿಂಗ್ ಅಪ್ ದಟ್ ಹಿಲ್’ ಆಗ ಬ್ರಿಟನ್ನಿನ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೆ ನಿಂತಿತ್ತಂತೆ. ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯಲ್ಲಿ ಬಳಸಿದ ಮೇಲೆ 2022ರಲ್ಲಿ, ಮೂವತ್ತೇಳು ವರ್ಷದ ನಂತರ, ಒಂದನೇ ಸ್ಥಾನಕ್ಕೆ ಏರಿತು. ದೂರದ ಮಾತು ಎಂದುಕೊಂಡೆ. 2024ರ ಶುರುವಿನಲ್ಲಿ ಅದು ನಮ್ಮ ಹಟ್ಟಿ ಬಾಗಿಲಿಗೇ ಬಂತು. ಯಾವ ‘ಉಪೇಂದ್ರ’ದ ಹಾಡನ್ನು ನಾನು ಹಾಡಲ್ಲ ಎಂದಿದ್ದೆನೋ ಅದೇ ಚಿತ್ರದ ‘ಏನಿಲ್ಲ ಏನಿಲ್ಲ’, ‘ಕರಿಮಣಿ ಮಾಲೀಕ’ ಎಂಬ ಹೊಸ ಹೆಸರು ಹೊತ್ತು ಪ್ರತಿ ರೀಲ್ಸಿನಲ್ಲೂ ಕೂತಿತು. ಹಾಲು ಹಾಕಲು ಡೇರಿಗೆ ಹೋದರೂ ಅದೇ, ಶಾಲೆ ಮಕ್ಕಳ ಬಾಯಲ್ಲೂ ಅದೇ.

ಅಲ್ಲಿ ನನ್ನ ಲೆಕ್ಕ ತಪ್ಪಿತು. ಕಾಲು ಶತಮಾನದ ಹಾಡು ಮರಳಿ ಬರುವುದಾದರೆ ಅದೇ ಕಾಲದ ಹಾಡುಗಾರ ಯಾಕೆ ಬರಬಾರದು ಎಂದು ಲೆಕ್ಕ ಹಾಕಿದೆ. ಜನಕ್ಕೆ ಹಳೆಯದೇ ಬೇಕಾಗಿದೆ, ಹಳೆಯದೆಂದರೆ ನಾನು, ಅಂದಮೇಲೆ ಜನಕ್ಕೆ ನಾನು ಬೇಕಾಗಿದ್ದೇನೆ. ಆ ವರ್ಷದ ರಾಜ್ಯೋತ್ಸವಕ್ಕೆ ನಾನೇ ಹೋಗಿ, ಒಂದು ಹಾಡು ಹಾಡುತ್ತೇನೆ ಎಂದು ಹೆಸರು ಕೊಟ್ಟು ಬಂದೆ. ಯಾವ ಹಾಡೆಂದು ಯೋಚಿಸಲೇ ಇಲ್ಲ. ‘ನಾದಮಯ’ವಲ್ಲದೆ ಇನ್ಯಾವುದು?

ಸಂಜೆ ಕೀಬೋರ್ಡಿನ ಹುಡುಗ ಒಂದು ಸಲ ನನ್ನ ಗಂಟಲು ನೋಡಿದ. ಮೆಲ್ಲಗೆ ಹತ್ತಿರ ಬಂದು, “ಅಣ್ಣ, ಎರಡು ಮನೆ ಇಳಿಸ್ಲಾ? ಒಂದ್ ಬಟನ್ ಒತ್ತಿದ್ರೆ ಆಯ್ತದೆ, ಯಾರ್ಗೂ ಗೊತ್ತಾಗಲ್ಲ” ಎಂದ. ಎಷ್ಟು ಮರ್ಯಾದೆಯಿಂದ ಹೇಳಿದ್ದ! ನಾನು ಅವನನ್ನೇ ಗದರಿದೆ: “ಅಣ್ಣಾವ್ರು ಹಾಡಿದ್ ಶ್ರುತೀಲೇ ಹಾಡೋದು ಕಣಪ್ಪ, ನೀ ನುಡ್ಸು.”

ಶುರು ಚೆನ್ನಾಗಿಯೇ ಇತ್ತು. ಕೆಳಗಿನ ಸ್ವರಗಳಲ್ಲಿ ಹಳೆಯ ಗಂಟಲು ಇನ್ನೂ ಇದೆ ಅನ್ನಿಸಿತು, ಒಂದಿಬ್ಬರು ಶಿಳ್ಳೆಯನ್ನೂ ಹಾಕಿದರು. ತಾರಸ್ಥಾಯಿಗೆ ಏರುವಲ್ಲಿ ದನಿ ಸೀಳಿತು. ಮತ್ತೆ ಹಿಡಿದೆ, ದಮ್ಮು ಸಾಲಲಿಲ್ಲ. ಆಲಾಪದ ಜಾಗದಲ್ಲಿ ಕೆಮ್ಮು ಬಂತು. ಹುಡುಗ ಕೀಬೋರ್ಡಿನಲ್ಲೇ ಸ್ವರ ತುಂಬಿ ಹೇಗೋ ದಡ ಮುಟ್ಟಿಸಿದ. ಯಾರೂ ಕೂಗಲಿಲ್ಲ, ನಗಲಿಲ್ಲ. ವಯಸ್ಸಾದವರಿಗೆ ಹೊಡೆಯುವ ಚಪ್ಪಾಳೆ ಹೊಡೆದರು. ನನ್ನ ನಂತರ ಕಾಲೇಜಿನ ಹುಡುಗಿಯೊಬ್ಬಳು ಟ್ರ್ಯಾಕ್ ಹಾಕಿಕೊಂಡು ‘ಕರಿಮಣಿ ಮಾಲೀಕ’ ಹಾಡಿದಳು. ಮೈದಾನಕ್ಕೆ ಮೈದಾನವೇ ಎದ್ದು ಕುಣಿಯಿತು. ನನ್ನ ಮೊಮ್ಮಗಳೂ.

ಆಮೇಲೆ ಬಹಳ ದಿನ ಮೈಕನ್ನು ಬೈದೆ, ಧೂಳನ್ನು ಬೈದೆ, ರೀಲ್ಸ್ ನೋಡುವ ಪೀಳಿಗೆಯನ್ನು ಬೈದೆ. ಬೈಗುಳ ಖಾಲಿಯಾದ ಮೇಲೆ ಯೋಚನೆ ಶುರುವಾಯಿತು. ಕೇಟ್ ಬುಷ್ 2022ರಲ್ಲಿ ಆ ಹಾಡನ್ನು ಹೊಸದಾಗಿ ಹಾಡಿದ್ದೇ ಇಲ್ಲ. ಏರಿದ್ದು 1985ರ ಧ್ವನಿಮುದ್ರಣ. ‘ಕರಿಮಣಿ’ಯೂ 1999ರದ್ದೇ. ರೆಕಾರ್ಡಿಗೆ ವಯಸ್ಸಾಗುವುದಿಲ್ಲ, ಗಂಟಲಿಗೆ ಆಗುತ್ತದೆ. ಹಾಡಿನ ಮರಳುವಿಕೆಯನ್ನು ಹಾಡುಗಾರನ ಮರಳುವಿಕೆ ಎಂದು ನಾನು ತಿಳಿದಿದ್ದೆ.

ಹಾಗಾದರೆ ಹಾಡುಗಾರರೇ ಮರಳಿ ಬಂದದ್ದು ಇಲ್ಲವೇ? ಇದೆ, ನಾನು ಜೀವಮಾನವಿಡೀ ಅನುಕರಿಸಿದವರಲ್ಲೇ ಇದೆ. ರಾಜ್‌ಕುಮಾರ್ 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿಯವರ ಜೊತೆ ಹಾಡಿದ್ದರು. ಆಮೇಲೆ ತೆರೆಯ ಮೇಲೆ ಅವರ ತುಟಿ, ಪಿ.ಬಿ. ಶ್ರೀನಿವಾಸರ ಕಂಠ ಎಂಬುದು ಕನ್ನಡಿಗರಿಗೆ ರೂಢಿಯಾಯಿತು. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಜಿ.ಕೆ. ವೆಂಕಟೇಶ್ ಸಂಗೀತಕ್ಕೆ ‘ಯಾರೇ ಕೂಗಾಡಲಿ’ ಹಾಡಿದ ಮೇಲೆ ಅವರೇ ತಮ್ಮ ಹಾಡುಗಾರರಾದರು. ನಡುವಿನ ವರ್ಷಗಳಲ್ಲಿ ಅವರ ಗಂಟಲು ಮಲಗಿತ್ತೇ? ಗುಬ್ಬಿ ಕಂಪನಿಯ ರಂಗದ ಮೇಲೆ, ಮೈಕಿಲ್ಲದೆ ಕೊನೆಯ ಸಾಲಿಗೂ ಮುಟ್ಟುವಂತೆ ಹಾಡಿ ಬೆಳೆದ ಕಂಠ ಅದು. ಇನ್ನು ‘ಜೀವನ ಚೈತ್ರ’ ಕೂಡ 1989ರ ‘ಪರಶುರಾಮ್’ ನಂತರದ ಬಿಡುವಿನ ಮೇಲೆ ಬಂದದ್ದೇ. ಅರವತ್ತು ದಾಟಿದವರು ತೋಡಿಯನ್ನು ಹಿಡಿದು, ಆ ಹಾಡಿಗೇ ರಾಷ್ಟ್ರಪ್ರಶಸ್ತಿ ತಂದರು. ನಾನು ಆ ಹಾಡಿನ ಎತ್ತರವನ್ನು ಕಂಡೆ, ಅದರ ಹಿಂದಿನ ಸಾಧನೆಯನ್ನು ಕಾಣಲಿಲ್ಲ.

ಹೊರಗಿನವರೂ ಇದ್ದಾರೆ. ಆಶಾ ಭೋಸ್ಲೆ 1995ರಲ್ಲಿ ‘ರಂಗೀಲಾ’ಕ್ಕೆ ಹಾಡಿದಾಗ ಅರವತ್ತು ದಾಟಿತ್ತು. ಆದರೆ ಹಾಡಿದ್ದು ಎ.ಆರ್. ರೆಹಮಾನ್ ಎಂಬ ಹೊಸಬನ ಹೊಸ ನಾದಕ್ಕೆ. ಅಮೆರಿಕದ ಶೆರ್ 1998ರಲ್ಲಿ ‘ಬಿಲೀವ್’ ಮೂಲಕ ಮರಳಿದ್ದೂ ಯಂತ್ರದಲ್ಲಿ ತಿರುಚಿದ, ಅಲ್ಲಿಯವರೆಗೆ ಯಾರೂ ಕೇಳದಂಥ ದನಿಯಿಂದ. ಇವರ್ಯಾರೂ ಬಿಟ್ಟುಹೋದ ಕುರ್ಚಿ ಖಾಲಿಯಿದೆ ಎಂದು ನಂಬಿ ಬಂದವರಲ್ಲ.

ಅಷ್ಟು ದೂರ ಯಾಕೆ? ರಾಮನಾಥಪುರದ ಜಾತ್ರೆಗೆ ಹಾಡಲು ಹೋಗುತ್ತಿದ್ದ ನಮಗೆ ಪಕ್ಕದಲ್ಲೇ ರುದ್ರಪಟ್ಟಣ. ಕಾವೇರಿ ದಂಡೆಯ ಆ ಊರು ಎಷ್ಟು ಸಂಗೀತಗಾರರನ್ನು ಕೊಟ್ಟಿದೆ! 1920ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ 2014ರಲ್ಲಿ ತೀರಿಕೊಂಡರು. ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದ್ದರು. ಅವರಿಗೆ ಮರಳಿ ಬರುವ ಪ್ರಶ್ನೆಯೇ ಇರಲಿಲ್ಲ, ಹೋಗಿದ್ದರೆ ತಾನೇ?

ನಮ್ಮ ಹಾಸನಾಂಬೆಯ ಗುಡಿ ಆಶ್ವೀಜ ಹುಣ್ಣಿಮೆ ಕಳೆದ ಮೊದಲ ಗುರುವಾರ ತೆರೆದು, ದೀಪಾವಳಿ ಮುಗಿಯುತ್ತಲೇ ಮುಚ್ಚುತ್ತದೆ. ವರ್ಷವಿಡೀ ಬಾಗಿಲು ಹಾಕಿದ್ದರೂ ಒಳಗಿನ ದೀಪ ಆರುವುದಿಲ್ಲ ಎಂಬುದು ಜನರ ನಂಬಿಕೆ. ಮರಳಿ ಗೆದ್ದ ಹಾಡುಗಾರರೆಲ್ಲ ಹಾಗೆ ಬಾಗಿಲು ಹಾಕಿಕೊಂಡವರು. ನಾನು ಬಾಗಿಲ ಜೊತೆ ದೀಪವನ್ನೂ ಆರಿಸಿ ಹೊಲಕ್ಕೆ ಹೋಗಿದ್ದೆ. ಹೊಲಕ್ಕೆ ಹೋದದ್ದು ತಪ್ಪಲ್ಲ, ಹೊಟ್ಟೆಪಾಡು. ನೀರು ಹಾಯಿಸುತ್ತಾ ಸರಳೆ ಹೇಳಿಕೊಳ್ಳಲು ಯಾರೂ ಅಡ್ಡಿ ಬಂದಿರಲಿಲ್ಲವಲ್ಲ.

ಈಗ ನಾಟಕದ ಹಾರ್ಮೋನಿಯಂ ಮೇಷ್ಟ್ರೊಬ್ಬರ ಹತ್ತಿರ ಹೋಗುತ್ತೇನೆ. ನಮ್ಮ ಸೀಮೆಯಲ್ಲಿ ‘ಕುರುಕ್ಷೇತ್ರ’ ಕಟ್ಟದ ಊರು ಕಡಿಮೆ. ಗದ್ದೆ ಗೇಯುವವನನ್ನು ಭೀಮನ ಪಾತ್ರಕ್ಕೆ ತಯಾರು ಮಾಡುವುದು ಇಂಥ ಮೇಷ್ಟ್ರುಗಳೇ. ಅವರು ಮೊದಲು ಮಾಡುವ ಕೆಲಸ ಯಾವ ಮನೆಯಲ್ಲಿ ಆ ಗಂಟಲು ನಿಲ್ಲುತ್ತದೆ ಎಂದು ಹುಡುಕುವುದು. ಆಮೇಲೆ ಹಾಡು, ಆಮೇಲೆ ಪಾತ್ರ. ನಾನು ಮೊದಲು ಹಾಡು ಆರಿಸಿದ್ದೆ, ಗಂಟಲನ್ನು ಕೊನೆಗೂ ಕೇಳಿರಲಿಲ್ಲ. ಮೇಷ್ಟ್ರು ನನ್ನನ್ನು ಎರಡಲ್ಲ, ಮೂರು ಮನೆ ಇಳಿಸಿದರು. ಅಲ್ಲಿ ದನಿ ತುಂಬಿ ಬಂತು. ನನಗೇ ಗುರುತಾಗದ ದನಿ, ಸ್ವಲ್ಪ ಒರಟು, ಆದರೆ ಸುಳ್ಳಿಲ್ಲದ್ದು.

ಈ ಸಲದ ನಾಟಕಕ್ಕೆ ಕೃಷ್ಣನ ಪಾತ್ರ ಕೇಳಿದೆ. ಆಸೆ ಅಷ್ಟು ಬೇಗ ಸಾಯುತ್ತದೆಯೇ? ಮೇಷ್ಟ್ರು ಬೆಲ್ಲೋಸು ಒತ್ತುತ್ತಲೇ ಹೇಳಿದರು: “ಕೃಷ್ಣಂಗೆ ಹುಡುಗ್ರವ್ರೆ ಕಣಯ್ಯ. ನೀನು ವಿದುರ ಮಾಡು. ಹಾಡು ಕಮ್ಮಿ, ಆದ್ರೆ ಕಡೇವರ್ಗೂ ಗಂಟ್ಲು ನಿಲ್ತದೆ.” ಒಪ್ಪಿಕೊಂಡು, ವಿದುರನ ಮಾತುಗಳನ್ನು ಬರೆದುಕೊಳ್ಳಲು ಹೊಸ ನೋಟ್‌ಬುಕ್ ತಂದಿದ್ದೇನೆ.