ದೇವರ ಮೀನು, ನನ್ನ ತಪಸ್ಸು ಕಾಲ

ರಾಮನಾಥಪುರಕ್ಕೆ ಹೋಗಿದ್ದು ಒಂದು ಶುಕ್ರವಾರ, 2026ರ ಮಾರ್ಚ್ 6ರಂದು. ನಾನು ಸಿಗರೇಟು ಬಿಟ್ಟು ಅವತ್ತಿಗೆ ಹದಿನೇಳನೇ ದಿನ.

ನಮ್ಮದು ಹಾಸನದ ಕಥೋಲಿಕ ಕುಟುಂಬ. ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡ ದಿನದಿಂದ ಪಾಸ್ಖ ಹಬ್ಬದವರೆಗೂ ನಮಗೆ ತಪಸ್ಸು ಕಾಲ. ಈ ವರ್ಷ ಅದು ಫೆಬ್ರವರಿ 18ಕ್ಕೆ ಶುರುವಾಗಿ ಏಪ್ರಿಲ್ 5ರ ಪಾಸ್ಖ ಹಬ್ಬದತ್ತ ಸಾಗುತ್ತದೆ. ದಿನ ಎಣಿಸಿದರೆ 46 ಬರುತ್ತೆ, ನಡುವಿನ ಆರು ಭಾನುವಾರ ಬಿಟ್ಟರೆ 40. ಯೇಸುಸ್ವಾಮಿ ಮರಳುಗಾಡಿನಲ್ಲಿ ಉಪವಾಸ ಇದ್ದ ದಿನಗಳಷ್ಟು. ಮಾಂಸ ಬಿಡೋರು, ಕುಡಿತ ಬಿಡೋರು, ಈಗೀಗ ಇನ್‌ಸ್ಟಾಗ್ರಾಂ ಬಿಡೋರೂ ಇದ್ದಾರೆ. ನನ್ನದು ಸಿಗರೇಟು.

ಹೋದ ವರ್ಷವೂ ಬಿಟ್ಟಿದ್ದೆ. ಆಮೇಲೆ ಒಂದು ಜಾಣತನ ಹೊಳೀತು: ಭಾನುವಾರ ಲೆಕ್ಕಕ್ಕಿಲ್ಲ ಅಲ್ವಾ? ಭಾನುವಾರ ಒಂದು ಸೇದಿದೆ. ಸೋಮವಾರ ಬೆಳಗ್ಗೆ ಆಫೀಸಲ್ಲಿ ಟೆನ್ಷನ್ ಅಂತ ಇನ್ನೊಂದು. ಮೂರನೇ ವಾರಕ್ಕೆಲ್ಲ ದಿನಕ್ಕೆ ಎಂಟು. ಪಾಸ್ಖ ಹಬ್ಬಕ್ಕೆ ಊರಿಗೆ ಬಂದಾಗ ಅಮ್ಮ, "ನಲವತ್ತು ದಿನಾನೂ ಬಿಟ್ಟಿದ್ದೇನೋ?" ಅಂತ ಕೇಳಿದರು. "ಹೂಂ ಅಮ್ಮ" ಅಂದೆ. ಸೇದಿದ್ದಕ್ಕಿಂತ ಆ "ಹೂಂ" ನನ್ನನ್ನು ವರ್ಷವಿಡೀ ಕೊರೆಯಿತು.

ಈ ಸಲ ಶುಕ್ರವಾರ ರಜೆ ಹಾಕಿ ಬೆಂಗಳೂರಿಂದ ಹಾಸನಕ್ಕೆ ಬಂದೆ. ಬೆಳಗ್ಗೆ ಬೈಕ್ ತಗೊಂಡು ಮೊದಲು ಹೋಗಿದ್ದು ಶೆಟ್ಟಿಹಳ್ಳಿಗೆ. ಹಾಸನದಿಂದ ಸುಮಾರು 20 ಕಿ.ಮೀ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಜಪಮಾಲೆ ಮಾತೆಯ ಚರ್ಚು ಅಲ್ಲಿದೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದಮೇಲೆ ಊರು ಮುಳುಗಿತು, ಜನ ಬೇರೆ ಕಡೆ ಹೋದರು, ಚರ್ಚು ಮಾತ್ರ ನಿಂತಿತು. ಮಳೆಗಾಲದಲ್ಲಿ ಅರ್ಧ ನೀರೊಳಗೆ, ಬೇಸಿಗೆಯಲ್ಲಿ ಬಯಲಿನ ನಡುವೆ. ಸೂರಿಲ್ಲ, ಗೋಡೆ ಬೀಳ್ತಾ ಇದೆ. ಒಳಗೆ ನಿಂತು ಒಂದು ಪರಲೋಕ ಮಂತ್ರ ಹೇಳಿದೆ. ಅದರಲ್ಲಿ ಶೋಧನೆಯ ಮಾತು ಬರುತ್ತಲ್ಲ, ಅಲ್ಲಿಗೆ ಬಂದಾಗ ಜೇಬಿನ ಮೇಲೆ ಕೈ ಹೋಗಿತ್ತು. ಜೇಬು ಖಾಲಿ ಇತ್ತು. ಕೈಗೆ ಅದು ಇನ್ನೂ ಗೊತ್ತಾಗಿರಲಿಲ್ಲ.

ಅರಕಲಗೂಡು ದಾಟಿದರೆ ರಾಮನಾಥಪುರಕ್ಕೆ ಸುಮಾರು 20 ಕಿ.ಮೀ. ಈ ದಾರಿ ಆರಿಸಿಕೊಂಡಾಗ ಒಂದು ವಿಷಯ ಮರೆತೇಬಿಟ್ಟಿದ್ದೆ. ಇದು ಹೊಗೆಸೊಪ್ಪಿನ ಸೀಮೆ. ರಸ್ತೆಯ ಎರಡೂ ಬದಿ ಎತ್ತರದ ಬ್ಯಾರನ್‌ಗಳು. ಮಳೆಗಾಲದಲ್ಲಿ ಬೆಳೆದ ಎಲೆಯನ್ನು ಕೋಲಿಗೆ ಕಟ್ಟಿ, ಅದರೊಳಗೆ ತೂಗುಹಾಕಿ, ಕೆಳಗೆ ಬೆಂಕಿ ಹಾಕಿ ಹದವಾಗಿ ಒಣಗಿಸ್ತಾರೆ. ಹಸಿರು ಎಲೆ ಹೊಂಬಣ್ಣಕ್ಕೆ ತಿರುಗುತ್ತೆ. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯೂ ರಾಮನಾಥಪುರದಲ್ಲೇ ಇದೆ. ಹಾದಿಯಲ್ಲೊಂದು ಕಡೆ ಮನೆ ಮುಂದೆ ಉಳಿಕೆ ಸೊಪ್ಪಿನ ಬೇಲು ಇಟ್ಟಿದ್ದರು. ಸಿಹಿ ಕಲೆತ ಒಣ ಘಮಲು ಮೂಗಿಗೆ ಬಡಿದದ್ದೇ ಬೈಕಿನ ವೇಗ ತಾನಾಗೇ ಕಮ್ಮಿ ಆಯ್ತು. ಬೆಳೆಯೋ ರೈತನ ಮೇಲೆ ಸಿಟ್ಟು ಬರಲಿಲ್ಲ. ಮಕ್ಕಳ ಫೀಸು, ಮಗಳ ಮದುವೆ, ಸಾಲ ಎಲ್ಲ ಆ ಎಲೆಯಿಂದಲೇ ನಡೀಬೇಕು. ಸಿಟ್ಟು ಬಂದಿದ್ದು ನನ್ನ ಮೂಗಿನ ಮೇಲೆ.

ರಾಮನಾಥಪುರದಲ್ಲಿ ಕಾವೇರಿ ಇನ್ನೂ ಎಳೇ ಹೊಳೆ. ಕೊಡಗು ದಾಟಿ, ಕುಶಾಲನಗರದ ಬಗಲಲ್ಲಿ ಹಾದು ಇಲ್ಲಿಗೆ ಬರ್ತಾಳೆ. ದಡದಲ್ಲಿ ರಾಮೇಶ್ವರ ದೇವಸ್ಥಾನ. ರಾಮ ಪೂಜಿಸಿದ ಲಿಂಗ ಅನ್ನೋದು ನಂಬಿಕೆ, ಊರಿಗೆ ಹೆಸರು ಬಂದಿದ್ದೂ ಹಾಗೇ. ಸುಬ್ರಹ್ಮಣ್ಯ ದೇವಸ್ಥಾನವೂ ಇಲ್ಲಿದೆ. ಷಷ್ಠಿಗೆ ದೊಡ್ಡ ಜಾತ್ರೆ ಸೇರುತ್ತೆ.

ನಾನು ನೋಡೋಕೆ ಬಂದಿದ್ದು ವಹ್ನಿ ಪುಷ್ಕರಿಣಿ. ಪುಷ್ಕರಿಣಿ ಅಂತ ಹೆಸರು, ಆದರೆ ಕಟ್ಟಿಸಿದ ಕೊಳವಲ್ಲ, ಹೊಳೆಯದೇ ಮಡು. ಮೆಟ್ಟಿಲ ಹತ್ತಿರ ಅಜ್ಜಿಯೊಬ್ಬರು ಕಡ್ಲೆಪುರಿ ಮಾರ್ತಾ ಇದ್ದರು. ಒಂದು ಪೊಟ್ಟಣ ತಗೊಂಡು ಒಂದು ಹಿಡಿ ನೀರಿಗೆ ಎಸೆದೆ. ಹಸಿರು ನೀರು ಒಮ್ಮೆಗೇ ಕುದ್ದ ಹಾಗಾಯ್ತು. ಮೊಳದುದ್ದದ ಮೀನುಗಳು, ಒಂದರ ಬೆನ್ನ ಮೇಲೆ ಇನ್ನೊಂದು. ಬಗ್ಗಿದರೆ ಕೈಗೆ ಸಿಗುವಷ್ಟು ಹತ್ತಿರ.

ಇಲ್ಲಿ ಮೀನು ಹಿಡಿಯುವ ಹಾಗಿಲ್ಲ. ದೇವರ ಮೀನು ಅಂತ ತಲೆಮಾರುಗಳಿಂದ ನಡೆದು ಬಂದ ಕಟ್ಟಳೆ. ಇದನ್ನು ಈಗ ಮತ್ಸ್ಯಧಾಮ ಅಂತಾರೆ. ಶೃಂಗೇರಿಯಲ್ಲಿ, ಶಿಶಿಲದಲ್ಲಿ ಇರೋದೂ ಇಂಥದ್ದೇ. ಕಾವೇರಿಯ ಡುಬ್ಬದ ಮಹಶೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿ ಸೇರಿತು. ಬಲೆ, ಸಿಡಿಮದ್ದು, ಮರಳು ತೆಗೆಯೋದು ಇವೆಲ್ಲದರ ನಡುವೆ ಹೊಳೆಯ ಇಷ್ಟುದ್ದವಾದರೂ ಮೀನು ನಿಶ್ಚಿಂತೆಯಿಂದ ಇದ್ದರೆ ಅದಕ್ಕೆ ಜನರ ಭಕ್ತಿ ಕಾರಣ.

ನಮ್ಮಲ್ಲಿ ತಪಸ್ಸು ಕಾಲದ ಶುಕ್ರವಾರ ಮಾಂಸ ತಿನ್ನಲ್ಲ, ಮೀನು ತಿನ್ನಬಹುದು. ರಾತ್ರಿಗೆ ಅಮ್ಮ ಮೀನುಸಾರು ಮಾಡ್ತೀನಿ ಅಂದಿದ್ದರು. ಇಲ್ಲಿ ಅದೇ ಮೀನಿಗೆ ಜನ ಕೈ ಮುಗೀತಾ ಇದ್ದಾರೆ. ಒಬ್ಬೊಬ್ಬರ ನೇಮ ಒಂದೊಂದು ಅಂದುಕೊಂಡು ನನ್ನಷ್ಟಕ್ಕೇ ನಕ್ಕೆ. ಆಮೇಲೆ ಅಜ್ಜಿಯನ್ನ ಕೇಳಿದೆ, "ಅಜ್ಜಿ, ಇಷ್ಟು ದಪ್ಪ ಮೀನು ದಿನಾ ಕಣ್ಮುಂದೆ ಆಡ್ತವೆ. ಯಾರಿಗೂ ಆಸೆ ಆಗಲ್ವಾ?"

"ಆಗ್ದೆ ಇರ್ತದಾ? ನಮ್ಗೂ ನಾಲ್ಗೆ ಐತೆ ಕಣಪ್ಪ. ಆದ್ರೆ ಇಲ್ಲಿ ಹಿಡಿಯಾಕಿಲ್ಲ ಅಂದ್ಮ್ಯಾಕೆ ಮುಗೀತು. ಇವತ್ತೊಂದು ಹಿಡಿಯಾನಾ, ನಾಳೆ ಬ್ಯಾಡ್ವಾ ಅಂತ ದಿನಾ ಯೋಚ್ನೆ ಮಾಡ್ಕಂಡು ಕುಂತಿದ್ರೆ ಇಷ್ಟೊತ್ಗೆ ಒಂದೂ ಉಳೀತಿರ್ಲಿಲ್ಲ."

ಅಜ್ಜಿ ಇನ್ನೊಬ್ಬರಿಗೆ ಪುರಿ ಕಟ್ಟಿಕೊಡೋಕೆ ತಿರುಗಿದರು. ನಾನು ಮೆಟ್ಟಿಲ ಮೇಲೇ ಕೂತೆ.

ತಪಸ್ಸು ಕಾಲದ ಮೊದಲ ಭಾನುವಾರ ಚರ್ಚಲ್ಲಿ ಓದೋದು ಮರಳುಗಾಡಿನ ಶೋಧನೆಯ ಕತೆ. ಹಸಿದವನಿಗೆ ಸೈತಾನ ಕಲ್ಲನ್ನು ರೊಟ್ಟಿ ಮಾಡಿಕೋ ಅಂತಾನೆ, ದೇವಾಲಯದ ತುದಿಯಿಂದ ಧುಮುಕು ಅಂತಾನೆ, ಲೋಕದ ರಾಜ್ಯಗಳನ್ನೆಲ್ಲ ಕೊಡ್ತೀನಿ ಅಂತಾನೆ. ಮೂರು ಸಲವೂ ಯೇಸು ಚೌಕಾಸಿಗೆ ಕೂರಲ್ಲ. ಮೊದಲೇ ನಂಬಿದ್ದ ಮಾತನ್ನು ಚಿಕ್ಕದಾಗಿ ಹೇಳಿ ಮುಗಿಸ್ತಾನೆ. ಹೋದ ವರ್ಷ ನಾನು ದಿನಾ ಚೌಕಾಸಿ ಮಾಡಿದ್ದೆ. ಭಾನುವಾರ ಲೆಕ್ಕಕ್ಕಿಲ್ಲ ಅನ್ನೋದೂ ಅದೇ ಚೌಕಾಸಿ.

ಹೊರಡುವ ಮೊದಲು ಬಸ್ ಸ್ಟ್ಯಾಂಡ್ ಹತ್ತಿರ ಟೀ ಹೇಳಿದೆ. ಪೆಟ್ಟಿಗೆ ಅಂಗಡಿಯಲ್ಲಿ ನನ್ನದೇ ಬ್ರ್ಯಾಂಡು, ಪಕ್ಕದಲ್ಲಿ ತೂಗುಬಿಟ್ಟ ಲೈಟರ್. ಟೀ ಕೈಗೆ ಬಂದಾಗ ಎದೆಯೊಳಗೆ ಆ ಎಳೆತ ಶುರುವಾಯ್ತು. ಯಾರೂ ಪರಿಚಯದವರಿಲ್ಲ, ಯಾರಿಗೂ ಗೊತ್ತಾಗಲ್ಲ. ಆ ಎಳೆತ ಕೆಲವೇ ನಿಮಿಷ ಇರುತ್ತೆ ಅಂತ ಓದಿದ್ದೆ. ಚಟ ಬಿಡೋರಿಗೆ ಸರ್ಕಾರದ ಉಚಿತ ಸಹಾಯವಾಣಿ 1800-11-2356 ಕೂಡ ಫೋನಲ್ಲಿ ಸೇವ್ ಆಗಿತ್ತು. ದೇವರನ್ನು ನಂಬೋನು ಸಹಾಯ ಕೇಳಬಾರದು ಅಂತೇನಿಲ್ಲವಲ್ಲ. ಆದರೆ ಅವತ್ತು ಬೇರೆ ನಂಬರ್ ಒತ್ತಿದೆ.

"ಅಮ್ಮ, ಹೋದ ವರ್ಷ ನಲವತ್ತು ದಿನ ಬಿಟ್ಟಿದ್ದೆ ಅಂತ ಹೇಳಿದ್ನಲ್ಲ, ಸುಳ್ಳು."

ಆ ಕಡೆ ಒಂದು ಕ್ಷಣ ಸದ್ದಿಲ್ಲ. "ಗೊತ್ತಿತ್ತು ಕಣೋ. ಹಬ್ಬಕ್ಕೆ ಬಂದಾಗ ನಿನ್ನ ಶರ್ಟು ಒಗೆದೋಳು ನಾನೇ ಅಲ್ವಾ? ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ." ಆಮೇಲೆ, "ಈ ಸಲ?"

"ಹದಿನೇಳು ದಿನ ಆಯ್ತು. ಇನ್ನೂ ಇದೆ."

"ಸರಿ, ಕತ್ತಲಾಗೋ ಮುಂಚೆ ಬಾ. ಐದೂವರೆಗೆ ಶಿಲುಬೆ ಹಾದಿ ಇದೆ."

ಫೋನ್ ಇಟ್ಟಾಗ ಟೀ ಆರಿಹೋಗಿತ್ತು. ಎಳೆತವೂ ಇಳಿದಿತ್ತು, ನಾಳೆ ಮತ್ತೆ ಬರುತ್ತೆ ಅಂತ ಗೊತ್ತಿದೆ.

ನೀವೂ ಹೋಗೋದಾದರೆ, ಬೇಸಿಗೆ ಒಳ್ಳೆಯ ಕಾಲ. ನೀರು ಇಳಿದಿದ್ದರೆ ಒಂದೇ ದಿನದಲ್ಲಿ ಶೆಟ್ಟಿಹಳ್ಳಿಯನ್ನೂ ರಾಮನಾಥಪುರವನ್ನೂ ನೋಡಿ ಬರಬಹುದು. ಮಡು ಆಳ ಇದೆ, ಇಳಿಯೋ ಸಾಹಸ ಬೇಡ. ಪ್ಲಾಸ್ಟಿಕ್ ಕವರ್ ಹೊಳೆಗೆ ಎಸೀಬೇಡಿ. ಕಡ್ಲೆಪುರಿ ಮಾತ್ರ ಧಾರಾಳವಾಗಿ ತಗೊಳ್ಳಿ. ಅರ್ಧ ಮೀನಿಗೆ ಹಾಕಿ, ಅರ್ಧ ಜೇಬಲ್ಲಿಟ್ಟುಕೊಳ್ಳಿ. ಹಾಸನ ಮುಟ್ಟೋವರೆಗೂ ನನ್ನ ಕೈಗೆ ಕೆಲಸ ಕೊಟ್ಟಿದ್ದು ಅದೇ.